ಕೃಷ್ಣೆಯ ದಂಡೆಯ ಊರುಗಳು: ನದಿಗೆ ಉಸಿರು ಮರಳುವುದು ಹೇಗೆ?

ಕುಡಚಿಯಿಂದ ಉಗಾರ ಖುರ್ದದ ಕಡೆಗೆ ರೈಲಿನಲ್ಲಿ ಹೋಗಿದ್ದೀರಾ? ಕೃಷ್ಣೆಯ ಸೇತುವೆ ಬಂದಾಗ ಕೆಲವರು ಕಿಟಕಿಯಿಂದ ನಾಣ್ಯ ಎಸೆದು ಕೈ ಮುಗಿಯುತ್ತಾರೆ. ಅಷ್ಟರಲ್ಲಿ ನದಿ ಹಿಂದೆ ಉಳಿದಿರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ – ಈ ಐದು ತಾಲ್ಲೂಕು ಕೇಂದ್ರಗಳಲ್ಲಿ ಒಂದೂ ಕೃಷ್ಣೆಯ ದಡದಲ್ಲಿಲ್ಲ. ಅದಕ್ಕೋ ಏನೋ, ನಾವು ನದಿಯನ್ನು ನೋಡುವುದು ಸೇತುವೆಯ ಮೇಲಿನಿಂದ. ಇಲ್ಲವೆ 2005, 2019, 2021ರಲ್ಲಿ ಆದಂತೆ ಮಹಾಪೂರ ಬಂದಾಗ. ಆದರೆ ಯಡೂರ, ಅಂಕಲಿ, ಮಾಂಜರಿ, ಜುಗೂಳ, ಕುಡಚಿಗಳು ನದಿಯ ಜೊತೆಗೇ ಬೆಳೆದ ಊರುಗಳು. ಯಡೂರಿನಲ್ಲಿ ವೀರಭದ್ರನ ಗುಡಿ ಇದೆ. ಜುಗೂಳದ ಆಚೆ ದಡದಲ್ಲಿ, ಮಹಾರಾಷ್ಟ್ರದ ಖಿದ್ರಾಪುರದಲ್ಲಿ, ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯವಿದೆ. ಇಂಥ ದಂಡೆಯಲ್ಲಿ ಒಂದು ಸಂಜೆ ಕುಳಿತು ಬರುವಂತಿರಬೇಕಾದರೆ ನೀರು ನಾರಬಾರದು. ನಾರದಿರಬೇಕಾದರೆ ಅದರಲ್ಲಿ ಆಮ್ಲಜನಕ ಇರಬೇಕು.

ನೀರಿನ ಅಣುವಿನಲ್ಲಿರುವ ಆಮ್ಲಜನಕದ ಮಾತಲ್ಲ ಇದು. ಗಾಳಿಯಿಂದ ಮತ್ತು ಜಲಸಸ್ಯಗಳಿಂದ ಬಂದು ನೀರಿನಲ್ಲಿ ಕರಗಿರುವ ಅನಿಲವನ್ನು ವಿಲೀನ ಆಮ್ಲಜನಕ ಎನ್ನುತ್ತೇವೆ. ಮೀನು ಉಸಿರಾಡುವುದು ಇದನ್ನೇ. ಇದರ ಪ್ರಮಾಣ ಬಹಳ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು ಏಳೂವರೆ ಮಾತ್ರ. ಸ್ನಾನಕ್ಕೆ ಯೋಗ್ಯವೆನ್ನಲು ನದಿಯಲ್ಲಿ ಕನಿಷ್ಠ 5 ಮಿಲಿಗ್ರಾಂ ಇರಬೇಕೆಂಬುದು ನಮ್ಮ ದೇಶದ ಮಾನದಂಡ.

ಊರಿನ ಚರಂಡಿ ನೀರು ಸೇರಿದಾಗ ಬ್ಯಾಕ್ಟೀರಿಯಗಳು ಅದರಲ್ಲಿನ ಸಾವಯವ ವಸ್ತುವನ್ನು ತಿನ್ನುತ್ತವೆ, ತಿನ್ನುವಾಗ ಆಮ್ಲಜನಕವನ್ನು ಬಳಸುತ್ತವೆ. ಹೀಗೆ ಬೇಕಾಗುವ ಪ್ರಮಾಣವೇ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿ.ಓ.ಡಿ. ಒಂದು ಲೆಕ್ಕ ಮಾಡಿ ನೋಡಿ. ಚರಂಡಿ ನೀರಿನ ಬಿ.ಓ.ಡಿ. ಲೀಟರಿಗೆ 250 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಬೇಸಿಗೆಯ ನದಿಯಲ್ಲಿ ಏಳೂವರೆ ಮಿಲಿಗ್ರಾಂ ಇದ್ದು, 5ಕ್ಕಿಂತ ಕೆಳಗಿಳಿಯಬಾರದು ಎಂದಾದರೆ ಖರ್ಚಿಗೆ ಸಿಗುವುದು ಎರಡೂವರೆ. ಗಾಳಿಯಿಂದ ಹೊಸದಾಗಿ ಏನೂ ಬರದಿದ್ದರೆ, ಒಂದು ಲೀಟರ್ ಚರಂಡಿ ನೀರಿಗೆ ನೂರು ಲೀಟರ್ ನದಿ ನೀರು ಬೇಕಾಯಿತು! ಸಕ್ಕರೆ ಕಾರ್ಖಾನೆಯ ತ್ಯಾಜ್ಯದ ಬೇಡಿಕೆ ಇದಕ್ಕಿಂತ ಹಲವು ಪಟ್ಟು ಹೆಚ್ಚು.

ಆದರೆ ಹರಿಯುವ ನದಿ ಗಾಳಿಯಿಂದ ಆಮ್ಲಜನಕವನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಕೊಳೆ ಸೇರಿದ ಜಾಗದಿಂದ ಕೆಳಕ್ಕೆ ಹೋದಂತೆ ಆಮ್ಲಜನಕ ಮೊದಲು ಇಳಿದು, ತಳ ಮುಟ್ಟಿ, ಮತ್ತೆ ಏರುತ್ತದೆ. ಅಮೆರಿಕದ ಓಹಿಯೋ ನದಿಯನ್ನು ಅಭ್ಯಸಿಸಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಇದಕ್ಕೆ ಸಮೀಕರಣ ಕೊಟ್ಟರು. ನಕ್ಷೆ ಬರೆದರೆ ಜೋಲು ಬಿದ್ದ ಹಗ್ಗದಂತೆ ಕಾಣುತ್ತದೆ.

ಈಗ ನಮ್ಮ ನದಿಗೆ ಬನ್ನಿ. ಇಚಲಕರಂಜಿಯ ಬಟ್ಟೆ ಉದ್ಯಮದ ಬದಿಯಲ್ಲಿ ಹಾದ ಪಂಚಗಂಗಾ ನೃಸಿಂಹವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಿಪ್ಪಾಣಿಯ ಕಡೆಯ ವೇದಗಂಗೆಯನ್ನು ಕೂಡಿಕೊಂಡ ದೂಧಗಂಗಾ ಕಲ್ಲೋಳದ ಬಳಿ ಬಂದು ಸೇರುತ್ತದೆ. ಕಬ್ಬು ನುರಿಸುವ ಹಂಗಾಮು ಅಕ್ಟೋಬರ್–ನವೆಂಬರ್‌ನಿಂದ ಮಾರ್ಚ್–ಏಪ್ರಿಲ್‌ವರೆಗೆ. ನೀರು ಕಡಿಮೆಯಾಗುತ್ತ ಹೋಗುವ ತಿಂಗಳುಗಳೂ ಅವೇ. ಇದರ ಮೇಲೆ ನದಿಗೆ ಅಡ್ಡಲಾಗಿ ಬ್ಯಾರೇಜುಗಳಿವೆ. ಜನ ಬಾಂದಾರ ಎನ್ನುತ್ತಾರೆ. ಅವು ಕಬ್ಬಿಗೂ ಕುಡಿಯಲಿಕ್ಕೂ ನೀರು ನಿಲ್ಲಿಸುತ್ತವೆ, ಬೇಡವೆನ್ನಲಾಗದು. ಆದರೆ ನಿಂತ ನೀರು ಹರಿಯುವ ನೀರಿನಷ್ಟು ಗಾಳಿ ಎಳೆದುಕೊಳ್ಳುವುದಿಲ್ಲ. ಹಗ್ಗದ ಜೋಲು ಇನ್ನಷ್ಟು ಆಳವಾಗುತ್ತದೆ. ಜೂನ್‌ನ ಮೊದಲ ಮಳೆ ದಂಡೆಯ ಕೊಳೆಯನ್ನೆಲ್ಲ ಒಮ್ಮೆಲೆ ತಳ್ಳಿದಾಗ ಮೀನು ಸತ್ತು ತೇಲುವುದಕ್ಕೆ ಇದೇ ಮುಖ್ಯ ಕಾರಣ. ಪ್ರತಿಸಲವೂ ಯಾರೋ ವಿಷ ಹಾಕಿದ್ದಾರೆಂದು ತಿಳಿಯಬೇಕಿಲ್ಲ.

ಸತ್ತ ನದಿ ಮತ್ತೆ ಬದುಕೀತೆ? ಲಂಡನ್ನಿನ ಥೇಮ್ಸ್ ಬದುಕಿದೆ. 1858ರ ಬೇಸಿಗೆಯಲ್ಲಿ ಅದರ ದುರ್ನಾತಕ್ಕೆ ಪಾರ್ಲಿಮೆಂಟಿನ ಕಲಾಪ ನಡೆಸುವುದೇ ಕಷ್ಟವಾಗಿತ್ತು. 1957ರಲ್ಲಿ ವಿಜ್ಞಾನಿಗಳು ನಗರದೊಳಗಿನ ಥೇಮ್ಸ್ ಜೈವಿಕವಾಗಿ ಸತ್ತಿದೆ ಎಂದರು. ಆಮೇಲೆ ಚರಂಡಿ ನೀರಿನ ಶುದ್ಧೀಕರಣ ಘಟಕಗಳನ್ನು ವಿಸ್ತರಿಸಿದರು. 1974ರಲ್ಲಿ, ಸುಮಾರು 140 ವರ್ಷಗಳ ನಂತರ, ಸಾಲ್ಮನ್ ಮೀನು ಅಲ್ಲಿ ಸಿಕ್ಕಿತು. ಬೆನ್ನು ತಿರುಗಿಸಿದ್ದ ಜನ ದಂಡೆಗೆ ಮರಳಿದರು. ದಡಕ್ಕೆ ಕಲ್ಲು ಹಾಸಿ ದೀಪ ಹಾಕುವ ಕೆಲಸ ಆಮೇಲಿನದು. ನಮ್ಮಲ್ಲಿ ಅದನ್ನೇ ಮೊದಲು ಮಾಡುತ್ತಾರೆ. ಕೃಷ್ಣೆಗೆ ಒಂದು ಅನುಕೂಲವೂ ಇದೆ. ಪ್ರತಿ ಮಳೆಗಾಲ ಅದನ್ನು ತೊಳೆಯುತ್ತದೆ. ಕಾಯಬೇಕಾದದ್ದು ಉಳಿದ ತಿಂಗಳುಗಳನ್ನು.

ಶಿಕ್ಷಕರು ಇದನ್ನು ಮಕ್ಕಳಿಗೆ ತೋರಿಸಬಹುದು. ನದಿಯಲ್ಲಿ ಮೊಸಳೆಗಳಿವೆ, ನೀರಿಗಿಳಿಯುವುದು ಬೇಡ. ಜನರು ನಡೆದಾಡುವ ಸೇತುವೆಯಿಂದ ಹಗ್ಗ ಕಟ್ಟಿದ ಪಾತ್ರೆ ಇಳಿಸಿ ನೀರು ತೆಗೆಯಿರಿ. ಅದನ್ನು ಗಾಜಿನ ಮುಚ್ಚಳದ ಬಾಟಲಿಗೆ ಗುಳ್ಳೆ ಉಳಿಯದಂತೆ ನಿಧಾನವಾಗಿ ತುಂಬಿ. ವಿಂಕ್ಲರ್ 1888ರಲ್ಲಿ ರೂಪಿಸಿದ ವಿಧಾನ ಕಾಲೇಜಿನ ಪ್ರಯೋಗಾಲಯದಲ್ಲಿ ಸಾಧ್ಯ. ನವೆಂಬರ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಒಂದೇ ಜಾಗದಿಂದ, ಒಂದೇ ಹೊತ್ತಿಗೆ ನೀರು ತಂದು ಹೋಲಿಸಿ. ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಿದ ಕೂಡಲೇ ಒತ್ತರ ಮೂಡುತ್ತದೆ. ಅದು ಕಂದು ಬಣ್ಣದ್ದಾದರೆ ನೀರಿನಲ್ಲಿ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಇಲ್ಲ.