ಪಾಠಕ್ಕೆ ಸೈ, ಪೇಪರಿಗೆ ಅಯ್ಯಯ್ಯೋ!

ಜೋಗುಪಾಳ್ಯ: ಪರೀಕ್ಷೆ ಹತ್ತಿರ ಬಂತೆಂದರೆ ಬಸ್‌ಸ್ಟಾಪಿನಲ್ಲಿ ಬಿ.ಎಸ್‌ಸಿ. ಹುಡುಗರ ಮಾತೆಲ್ಲ ಫಿಸಿಕ್ಸ್ ಮೇಷ್ಟ್ರ ಮೇಲೇ. ‘ಪಾಠವೇನೋ ಸೊಗಸಾಗಿ ಮಾಡ್ತಾರೆ, ಪೇಪರಲ್ಲಿ ಬರೋದೇ ಬೇರೆ’ ಎಂಬುದು ಕೆಲವರ ಗೋಳು. ‘ನೋಟ್ಸ್ ಉರು ಹೊಡೆದ್ರೆ ಹಂಗೇ ಕಣೋ, ಲೆಕ್ಕ ಮಾಡಿ ನೋಡು’ ಎಂಬುದು ಇನ್ನು ಕೆಲವರ ಬುದ್ಧಿವಾದ.

ಒಂದು ಮಾತು ಹುಡುಗರಿಗೂ, ಅಂಗಡಿ ಗಲ್ಲಾದಲ್ಲಿ ಕೂತು ಫೀಸು ಹೊಂದಿಸುವ ಅಪ್ಪಂದಿರಿಗೂ ತಿಳಿದಿರಬೇಕು. ಸಂಯೋಜಿತ ಕಾಲೇಜುಗಳಲ್ಲಿ ಸೆಮಿಸ್ಟರ್ ಕೊನೆಯ ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದ್ದು. ಕಾಲೇಜಿನ ಮೇಷ್ಟ್ರ ಕೈಯಲ್ಲಿರುವುದು ಮುಖ್ಯವಾಗಿ ಇಂಟರ್ನಲ್ ಅಂಕ. ಬೈಗುಳ ಮಾತ್ರ ಪೂರ್ತಿ ಅವರಿಗೇ!

ಹಾಗೆಂದು ಮೇಷ್ಟ್ರು ಪ್ರಶ್ನೆಗೆ ಹೊರತಲ್ಲ. ಭೌತಶಾಸ್ತ್ರದ ಮೇಷ್ಟ್ರಾಗಿದ್ದು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರು ಜೀವನವಿಡೀ ಸಾರಿದ್ದೇ ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು. ಗೌರಿಬಿದನೂರು ಕಡೆಯ ಹೊಸೂರಿನಿಂದ ಓದಲಿಕ್ಕೆಂದು ಬೆಂಗಳೂರಿಗೆ ನಡೆದೇ ಬಂದವರು ಅವರು. ಪಾಠ ಅರ್ಥವಾಗದಿದ್ದರೆ ಕ್ಲಾಸಿನಲ್ಲೇ ಎದ್ದು ನಿಂತು ಕೇಳುವುದಕ್ಕೆ ನಾಚಿಕೆ ಏಕೆ?

ಅಂಕದ ಮೇಲೆ ಅನುಮಾನವಿದ್ದರೂ ದಾರಿಯುಂಟು. ಪರೀಕ್ಷೆ ಬರೆದವರು ಮಾಹಿತಿ ಹಕ್ಕಿನಡಿ ತಮ್ಮ ಉತ್ತರಪತ್ರಿಕೆ ನೋಡಬಹುದೆಂದು ಸುಪ್ರೀಂ ಕೋರ್ಟು 2011ರಲ್ಲೇ ತೀರ್ಪು ಕೊಟ್ಟಿದೆ. ಮರುಮೌಲ್ಯಮಾಪನದ ಗಡುವು ಮೀರದಂತೆ ಎಚ್ಚರವಿರಬೇಕು, ಅಷ್ಟೆ. ತಪ್ಪು ಬರೆದವನದೋ, ತಿದ್ದಿದವರದೋ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತೆ.

ಸ್ಟಾಪಿನಲ್ಲಿ ನಿಂತು ಗೊಣಗುತ್ತಿದ್ದರೆ ಇವತ್ತಲ್ಲ ನಾಳೆ ಬಸ್ಸಾದರೂ ಬಂದೀತು, ಅಂಕ ಬರೋದಿಲ್ಲ!