ಹತ್ತು ವರ್ಷದವಳ ಕೈಗೆ ಕೊಟ್ಟ ಬುಟ್ಟಿ

1943ರ ಶರತ್ಕಾಲ. ಡೆನ್ಮಾರ್ಕ್ ದೇಶ ನಾಜಿ ಜರ್ಮನಿಯ ಹಿಡಿತಕ್ಕೆ ಬಂದು ಮೂರು ವರ್ಷ ದಾಟಿತ್ತು. ಅಲ್ಲಿನ ಯಹೂದಿಗಳನ್ನು ಒಂದೇ ರಾತ್ರಿಯಲ್ಲಿ ಹಿಡಿದು ಸಾಗಿಸುವ ಸಂಚನ್ನು ಡುಕ್ವಿಟ್ಸ್ ಎಂಬ ಜರ್ಮನ್ ಅಧಿಕಾರಿಯೇ ಮುಂಚಿತವಾಗಿ ಬಯಲು ಮಾಡಿದ. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಅಕ್ಕಪಕ್ಕದ ಮನೆಯವರು, ಡಾಕ್ಟರುಗಳು, ಪಾದ್ರಿಗಳು, ಮೀನುಗಾರರು ಸೇರಿ ಏಳು ಸಾವಿರಕ್ಕೂ ಹೆಚ್ಚು ಜನರನ್ನು ದೋಣಿಗಳಲ್ಲಿ ಬಚ್ಚಿಟ್ಟು ಸ್ವೀಡನ್ನಿಗೆ ದಾಟಿಸಿದರು.

ಇಷ್ಟನ್ನು ಸಮಾಜ ವಿಜ್ಞಾನದ ಪಿರಿಯಡ್ಡಿನಲ್ಲಿ ಹೇಳಿದರೆ ನನ್ನ ಏಳನೇ ತರಗತಿಯ ಮಕ್ಕಳು ನೋಟ್ಸ್ ಬರೆದುಕೊಳ್ಳುತ್ತಾರೆ, ಪರೀಕ್ಷೆಗೆ ಬರುತ್ತದಾ ಎಂದು ಕೇಳುತ್ತಾರೆ. ಅದೇ ಸಂಗತಿಯನ್ನು ಅಮೆರಿಕದ ಲೇಖಕಿ ಲೋಯಿಸ್ ಲೌರಿ ಹೇಳಿದ ಹಾಗೆ ಹೇಳಿದರೆ ಗಂಟೆ ಹೊಡೆದರೂ ಏಳುವುದಿಲ್ಲ. ಬಳ್ಳಾರಿ ಸೀಮೆಯ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ನಾನು ಶನಿವಾರದ ಕೊನೆಯ ಪಿರಿಯಡ್ಡನ್ನು ಇಂಥ ಕಾದಂಬರಿಗಳಿಗೆಂದೇ ಇಟ್ಟುಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಓದಿಕೊಂಡು ಹೋಗಿ ಕನ್ನಡದಲ್ಲಿ ಕಥೆ ಹೇಳುತ್ತೇನೆ. ಒಂಬತ್ತರಿಂದ ಹದಿಮೂರರ ಒಳಗಿನ ಮಕ್ಕಳಿಗಾಗಿ ಬರೆದ, ಕಷ್ಟದ ಕಾಲವೊಂದನ್ನು ಮಗುವಿನ ಕಣ್ಣಿಂದ ತೋರಿಸುವ ಐತಿಹಾಸಿಕ ಕಾದಂಬರಿಗಳು ಇವು. ಇಂಗ್ಲಿಷಿನಲ್ಲಿ ಇದು ಹುಲುಸಾಗಿ ಬೆಳೆದ ಪ್ರಕಾರ. ಕನ್ನಡದಲ್ಲಿಯೂ ಬೆಳೆಯಲೇಬೇಕು ಎಂಬುದು ನನ್ನ ಆಸೆ.

ಲೌರಿಯವರ 'ನಂಬರ್ ದ ಸ್ಟಾರ್ಸ್' ಪ್ರಕಟವಾದದ್ದು 1989ರಲ್ಲಿ. ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಬಂತು. ಕಥೆಯ ಆನೆಮರೀಗೆ ಹತ್ತು ವರ್ಷ. ಅದೇ ಕಟ್ಟಡದಲ್ಲಿ ವಾಸವಿರುವ ಗೆಳತಿ ಎಲೆನ್ ಯಹೂದಿ ಹುಡುಗಿ. ಎಲೆನ್‌ಳ ಕುಟುಂಬವನ್ನು ಆನೆಮರೀಯ ಮೀನುಗಾರ ಮಾವ ಹೆನ್ರಿಕ್ ತನ್ನ ದೋಣಿಯಲ್ಲಿ ದಾಟಿಸಬೇಕು. ಒಂದು ನಸುಕಿನಲ್ಲಿ ಮಾವನಿಗೆ ತಲುಪಲೇಬೇಕಾದ ಪುಟ್ಟ ಪೊಟ್ಟಣವೊಂದು ಮನೆಯ ಹತ್ತಿರವೇ ಬಿದ್ದುಹೋಗಿರುತ್ತದೆ. ಅಮ್ಮನ ಕಾಲು ಮುರಿದಿದೆ. ಬುತ್ತಿಯ ಬುಟ್ಟಿಯಲ್ಲಿ ಬ್ರೆಡ್ಡು, ಚೀಸು, ಸೇಬು ಇಟ್ಟು, ಬಟ್ಟೆಯ ಕೆಳಗೆ ಪೊಟ್ಟಣ ಮುಚ್ಚಿ, ಅಮ್ಮ ಅದನ್ನು ಮಗಳ ಕೈಗೆ ಕೊಡುತ್ತಾಳೆ. ಕಾಡಿನ ದಾರಿಯಲ್ಲಿ ಸೈನಿಕರು ನಾಯಿಗಳೊಂದಿಗೆ ಅಡ್ಡಗಟ್ಟುತ್ತಾರೆ. ಏನೂ ಅರಿಯದ ತನ್ನ ಪುಟ್ಟ ತಂಗಿ ಕಿರ್ಸ್ಟಿ ಇಂಥ ಹೊತ್ತಿನಲ್ಲಿ ಹೇಗೆ ವಟಗುಟ್ಟುತ್ತಿದ್ದಳೋ ಹಾಗೆಯೇ ವಟಗುಟ್ಟುತ್ತ ಆನೆಮರೀ ನಿಲ್ಲುತ್ತಾಳೆ. ಅವರು ಬುಟ್ಟಿ ಕಿತ್ತು, ಬ್ರೆಡ್ಡನ್ನು ನಾಯಿಗಳಿಗೆ ಎಸೆದು, ಪೊಟ್ಟಣ ಹರಿಯುತ್ತಾರೆ. ಒಳಗಿರುವುದು ಬರೀ ಒಂದು ಕರವಸ್ತ್ರ.

ಇಲ್ಲಿಗೆ ಬಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ತಡೆಯಲಾರದೆ ಕೇಳಿದಳು: "ಟೀಚರ್, ಬುಟ್ಟ್ಯಾಗ ಏನೈತಂತ ಆಕಿಗೆ ಗೊತ್ತೇ ಇರ್ಲಿಲ್ಲೇನ್ರಿ?"

ಗೊತ್ತಿರಲಿಲ್ಲ. ಓದುವ ಮಗುವಿಗೂ ಗೊತ್ತಿರುವುದಿಲ್ಲ. ಎಲ್ಲ ಮುಗಿದ ಮೇಲೆ ಮಾವ ಬಿಡಿಸಿ ಹೇಳುತ್ತಾನೆ. ಆ ಬಟ್ಟೆಗೆ ಹಚ್ಚಿದ್ದು ಒಣಗಿದ ಮೊಲದ ರಕ್ತ ಮತ್ತು ಕೊಕೇನ್. ರಕ್ತದ ವಾಸನೆಗೆ ನಾಯಿ ಮೂಗು ಒಡ್ಡುತ್ತದೆ, ಕೊಕೇನ್ ಅದರ ಮೂಗನ್ನು ಮರಗಟ್ಟಿಸುತ್ತದೆ, ದೋಣಿಯ ತಳದಲ್ಲಿ ಅಡಗಿದವರ ಸುಳಿವು ಅದಕ್ಕೆ ಸಿಗುವುದಿಲ್ಲ. ಇದು ಲೇಖಕಿಯ ಕಲ್ಪನೆಯಲ್ಲ. ಡೆನ್ಮಾರ್ಕಿನ ಮೀನುಗಾರರು ನಿಜವಾಗಿ ಬಳಸಿದ ಉಪಾಯ. ತಿಳಿಯದೇ ಇದ್ದುದರಿಂದಲೇ ಹುಡುಗಿಗೆ ಧೈರ್ಯ ಸಾಧ್ಯವಾಯಿತು ಎನ್ನುವುದನ್ನು ಲೌರಿ ಮಕ್ಕಳ ಮುಂದೆ ಮುಚ್ಚುಮರೆಯಿಲ್ಲದೆ ಇಡುತ್ತಾರೆ.

ಈ ಪ್ರಕಾರದ ಜೀವಾಳ ಇಲ್ಲಿದೆ. ಹತ್ತು ವರ್ಷದ ಮಗು ಯುದ್ಧವನ್ನು ಗೆಲ್ಲಲಾರದು, ಬರವನ್ನು ತಪ್ಪಿಸಲಾರದು. ಅದು ಒಂದು ಬುಟ್ಟಿಯನ್ನು ಬಂದರಿನವರೆಗೆ ಒಯ್ಯಬಲ್ಲದು. ಒಳ್ಳೆಯ ಲೇಖಕರು ಇತಿಹಾಸದೊಳಗೆ ಮಗುವಿನ ಶಕ್ತಿಗೆ ಒಪ್ಪುವ ಒಂದು ಕೆಲಸವನ್ನು ಹುಡುಕುತ್ತಾರೆ, ಆ ಕೆಲಸ ನಿಜಕ್ಕೂ ಮುಖ್ಯವಾಗುವಂತೆ ಕಥೆ ಕಟ್ಟುತ್ತಾರೆ. ಮಗುವನ್ನು ವೀರಪುತ್ರನನ್ನಾಗಿ ಮಾಡಿದರೆ ಓದುವ ಮಕ್ಕಳು ನಂಬುವುದಿಲ್ಲ. ಬರೀ ಕಣ್ಣೀರಿಡುವ ಬಡಪಾಯಿಯಾಗಿ ಕೂರಿಸಿದರೆ ಪುಸ್ತಕ ಮುಚ್ಚಿಡುತ್ತಾರೆ.

ಇನ್ನೊಂದು ಮಾತು, ಸಾವು ನೋವಿನದು. ಆನೆಮರೀಯ ಅಕ್ಕ ಲೀಸ ಕಥೆ ಶುರುವಾಗುವ ಮೊದಲೇ ತೀರಿಹೋಗಿದ್ದಾಳೆ. ಆಕೆಯನ್ನು ಮದುವೆಯಾಗಬೇಕಿದ್ದ ಪೀಟರ್‌ನನ್ನು ನಾಜಿಗಳು ಕೊಲ್ಲುತ್ತಾರೆ. ಆ ಕೊಲೆ ನಮ್ಮ ಕಣ್ಣೆದುರು ನಡೆಯುವುದಿಲ್ಲ, ಕೊನೆಯ ಅಧ್ಯಾಯದಲ್ಲಿ ಸುದ್ದಿಯಾಗಿ ಬರುತ್ತದೆ. ರಕ್ತವನ್ನು ತೋರಿಸದೆಯೂ ಸತ್ಯ ಹೇಳಬಹುದು ಎಂಬುದಕ್ಕೆ ಇದು ಮಾದರಿ. ಹಾಗೆಯೇ ಸಣ್ಣ ಸಣ್ಣ ವಸ್ತುಗಳು ಆ ಕಾಲವನ್ನು ಹಿಡಿದುಕೊಡುತ್ತವೆ. ಚರ್ಮ ಸಿಗದ ಆ ವರ್ಷಗಳಲ್ಲಿ ಮೀನಿನ ಚರ್ಮದಿಂದ ಬೂಟು ಮಾಡುತ್ತಿದ್ದರು. ಕಿರ್ಸ್ಟಿ ಅದನ್ನು ಹಾಕಿಕೊಳ್ಳಲಾರೆನೆಂದು ರಂಪ ಮಾಡುತ್ತಾಳೆ. 1943ರ ಆಗಸ್ಟ್‌ನಲ್ಲಿ ಡೇನರು ತಮ್ಮ ನೌಕಾಪಡೆ ಜರ್ಮನರಿಗೆ ದಕ್ಕಬಾರದೆಂದು ತಾವೇ ಹಡಗುಗಳನ್ನು ಸ್ಫೋಟಿಸಿ ಮುಳುಗಿಸಿದರು. ಆ ಬೆಂಕಿ ಕಂಡು ಹೆದರಿದ ಕಿರ್ಸ್ಟಿಗೆ ಅಮ್ಮ, ನಿನ್ನ ಹುಟ್ಟುಹಬ್ಬಕ್ಕೆ ಹಾರಿಸಿದ ಬಾಣಬಿರುಸು ಎಂದು ಹೇಳಿ ಸಮಾಧಾನ ಮಾಡುತ್ತಾಳೆ. ಅಮ್ಮ ಸುಳ್ಳು ಹೇಳಿದ್ದು ಸರಿಯೇ ಎಂದು ನಮ್ಮ ತರಗತಿಯಲ್ಲಿ ಜಗಳವೇ ಆಗಿಹೋಯಿತು.

ಊರಿನ ತಂದೆಯೊಬ್ಬರು ಒಮ್ಮೆ ನನ್ನನ್ನು ನಿಲ್ಲಿಸಿ ಹೇಳಿದರು: "ಹುಡುಗರಿಗೆ ನಗಿಸೋ ಕಥಿ ಹೇಳ್ರಿ ಟೀಚರ್, ಅಳೋದು ಮುಂದ ಇದ್ದದ್ದೇ." ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ನಮ್ಮ ಮಕ್ಕಳಿಗೆ ಕಷ್ಟ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ತರಗತಿಯಲ್ಲಿ ಜಾಗಗಳು ಖಾಲಿಯಾಗುತ್ತವೆ. ಅಪ್ಪ ಅಮ್ಮನ ಜೊತೆ ಕೆಲವರು ಬೆಂಗಳೂರಿಗೆ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಕೆಲವರು ಅಜ್ಜಿಯ ಬಳಿ ಉಳಿಯುತ್ತಾರೆ. ಅವರು ಅನುಭವಿಸುವುದರ ಬಗ್ಗೆ ಯಾರೂ ಅವರೊಂದಿಗೆ ಮಾತಾಡುವುದಿಲ್ಲ.

ಇದು ನನಗೆ ಚೆನ್ನಾಗಿ ಅರ್ಥವಾದದ್ದು ವೀರಾ ಹೀರಾನಂದಾನಿಯವರ 'ದ ನೈಟ್ ಡೈರಿ' ಹೇಳುವಾಗ. 2018ರಲ್ಲಿ ಬಂದ ಈ ಕಾದಂಬರಿ 1947ರ ದೇಶ ವಿಭಜನೆಯದು. ಸಿಂಧ್ ಪ್ರಾಂತದ ಮೀರ್‌ಪುರ್ ಖಾಸ್ ಊರಿನ ಹನ್ನೆರಡು ವರ್ಷದ ನಿಶಾ ತೀರಿಹೋದ ತಾಯಿಗೆ ಡೈರಿಯಲ್ಲಿ ಪತ್ರ ಬರೆಯುತ್ತಾಳೆ. ತಂದೆ ಹಿಂದೂ, ತಾಯಿ ಮುಸ್ಲಿಂ. ಗಡಿ ಎಳೆದ ಮೇಲೆ ತಾನು ಯಾವ ಕಡೆಯವಳು ಎಂಬ ಪ್ರಶ್ನೆ ಅವಳದು. ಲೇಖಕಿಯ ತಂದೆಯ ಮನೆತನವೂ ಅದೇ ಊರಿನಿಂದ ಹೊರಟು ಬಂದದ್ದು. ಮನೆ ಬಿಡುವಾಗ ಅಡುಗೆಯ ಕಾಝಿ ತನ್ನ ಕುಟ್ಟಾಣಿಯನ್ನು ನಿಶಾಳಿಗೆ ಕೊಡುತ್ತಾನೆ. ಅವನ ಪಕ್ಕ ನಿಂತೇ ಅವಳು ಅಡುಗೆ ಕಲಿತವಳು. ಈ ಭಾಗ ಕೇಳಿ, ವರ್ಷವಿಡೀ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತು ಹೇಳಿದ: "ನಾವೂ ಹೋಗುವಾಗ ರೊಟ್ಟಿ ಹಂಚು ಒಯ್ತೀವ್ರಿ. ನಮ್ಮವ್ವ ಅದನ್ನ ಯಾರ ಕೈಯಾಗೂ ಕೊಡಂಗಿಲ್ಲ." ಆಮೇಲೆ ಒಬ್ಬೊಬ್ಬರೇ ತಮ್ಮ ಮನೆಯವರು ಕಟ್ಟಿಕೊಂಡು ಹೋಗುವ ಸಾಮಾನಿನ ಹೆಸರು ಹೇಳತೊಡಗಿದರು. ಕಷ್ಟದ ಕಥೆ ಮಕ್ಕಳನ್ನು ಕುಗ್ಗಿಸುತ್ತದೆ ಎನ್ನುವವರು ಆ ದಿನ ನಮ್ಮ ತರಗತಿಯಲ್ಲಿ ಇರಬೇಕಿತ್ತು.

ಹಾಗಾದರೆ ನಮ್ಮ ನೆಲದ ಕಥೆಗಳು? ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಶರಾವತಿಯ ಹಿನ್ನೀರಿನಲ್ಲಿ ಊರೂರೇ ಮುಳುಗಿದ್ದನ್ನು ಹತ್ತಿರದಿಂದ ಕಂಡವರು ಅವರು. ದಾರಿ ಹಾಕಿದವರು ನಮ್ಮಲ್ಲಿದ್ದಾರೆ. ಆ ದಾರಿಯಲ್ಲಿ ಇನ್ನಷ್ಟು ಜನ ನಡೆಯಬೇಕು.

ನಮ್ಮ ಸೀಮೆಯದೇ ಒಂದು ಉದಾಹರಣೆ ಕೊಡುತ್ತೇನೆ. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೆ ಚಾಚಿದ್ದರಿಂದ ಅದು ಧಾತು ಈಶ್ವರ ಬರ. ಮದ್ರಾಸ್, ಬೊಂಬಾಯಿ ಪ್ರಾಂತಗಳು, ಮೈಸೂರು, ಹೈದರಾಬಾದ್ ಸೇರಿ ಅರ್ಧ ಕೋಟಿಗೂ ಹೆಚ್ಚು ಜನ ಸತ್ತರು. ಆಗ ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿ ತೀರಾ ಬಳಲಿದ ಜಿಲ್ಲೆಗಳಲ್ಲೊಂದು. ಹಗೇವುಗಳು ಬರಿದಾದ ಮೇಲೆ ಜನ ಸರ್ಕಾರದ ಬರಪರಿಹಾರ ಕಾಮಗಾರಿಗೆ ಮುಗಿಬಿದ್ದರು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ, ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ. ಹೆಂಗಸಿಗೆ, ದುಡಿಯುವ ಮಗುವಿಗೆ ಅದಕ್ಕಿಂತ ತುಸು ಕಡಿಮೆ. ಇಷ್ಟು ಸಾಲದು, ಬೇಳೆಯೂ ಬೇಕು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ತಕರಾರು ಎತ್ತಿದ್ದರು.

ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಬಿಸಿಯೂಟದ ತಕ್ಕಡಿಯಲ್ಲಿ ಅಷ್ಟು ಜೋಳದ ಹಿಟ್ಟು ತೂಗಿ ಮೇಜಿನ ಮೇಲಿಟ್ಟೆ. ಆರೇಳು ರೊಟ್ಟಿಯಾದೀತು ಎಂದರು ಹೆಣ್ಣುಮಕ್ಕಳು. "ಅಷ್ಟಾದ್ರ ಸಾಕಲ್ರಿ" ಎಂದ ಒಬ್ಬ. ಹಿಂದಿನ ಬೆಂಚಿನವಳು ಒಪ್ಪಲಿಲ್ಲ: "ದಿನಾ ಪೂರ್ತಿ ಕಲ್ಲು ಒಡದವ್ರಿಗೆ? ಬ್ಯಾಳಿ ಇಲ್ಲ, ಪಲ್ಯ ಇಲ್ಲ. ಒಂದಾಣೆದಾಗ ಉಪ್ಪು ತರಬೇಕೋ, ಕಟಗಿ ತರಬೇಕೋ?" ಡಾ. ಕಾರ್ನಿಷ್ ಸರ್ಕಾರಕ್ಕೆ ಬರೆದು ತಿಳಿಸಿದ್ದನ್ನೇ ಆ ಹುಡುಗಿ ಹಿಟ್ಟು ನೋಡಿ ಕಂಡುಕೊಂಡಿದ್ದಳು.

ಕಾದಂಬರಿಯ ಬೀಜ ಅಲ್ಲಿಯೇ ಇದೆ. ಕಾಮಗಾರಿಯಲ್ಲಿ ಮಣ್ಣು ಹೊರುವ ಹನ್ನೊಂದು ವರ್ಷದ ಹುಡುಗಿ, ಶಿಬಿರದಲ್ಲಿ ಕಾಯುವ ಅವಳ ತಮ್ಮ, ಸಂಜೆಯೊಳಗೆ ತರಲೇಬೇಕಾದ ಧಾನ್ಯ. ಬರ ಪರಿಹಾರದ ಕೆಲಸವಾಗಿ ಶುರುವಾಗಿ 1882ರಲ್ಲಿ ಮೈಸೂರು ಮುಟ್ಟಿದ ಬೆಂಗಳೂರು ರೈಲುದಾರಿಯ ಮೇಲೆ ಇಂಥದೇ ಇನ್ನೊಂದು ಕಥೆ ಬರೆಯಬಹುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಮನೆ ಬಿಟ್ಟು ಗುಡಿಸಲಿಗೆ ಹೋದ ಮಕ್ಕಳ ಮೇಲೆ ಮತ್ತೊಂದು.

ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮಗುವಿನ ಕೈಗೆ ಮಗು ಮಾಡಬಲ್ಲ ಕೆಲಸ ಕೊಡಿ. ಆ ಕಾಲದ ಊಟ, ಬಟ್ಟೆ, ಕೂಲಿ, ದಾರಿಯ ದೂರ ಸರಿಯಾಗಿ ತಿಳಿದುಕೊಂಡು ಬರೆಯಿರಿ. ಕೊನೆಗೆ, ಲೌರಿ ಮಾಡಿದ ಹಾಗೆ, ಇದರಲ್ಲಿ ನಡೆದದ್ದು ಯಾವುದು, ಕಟ್ಟಿದ್ದು ಯಾವುದು ಎಂದು ಎರಡು ಪುಟದಲ್ಲಿ ಬಿಡಿಸಿ ಹೇಳಿ. ನಮ್ಮ ಮಕ್ಕಳು ಮೊದಲು ಕೇಳುವುದೇ ಅದನ್ನು. ನಡೆದದ್ದೇ ಎಂದು ಗೊತ್ತಾದ ಮೇಲೆ ಅವರು ಕೇಳುವ ಎರಡನೇ ಪ್ರಶ್ನೆ, ಅದು ಮತ್ತೆ ನಡೆಯದಂತೆ ಏನು ಮಾಡಿದರು ಎಂಬುದು. ಆ ಎರಡನೇ ಪ್ರಶ್ನೆಯನ್ನು ಹನ್ನೊಂದನೇ ವಯಸ್ಸಿನಲ್ಲಿ ಕೇಳಿದ ಮಗು ಮುಂದೆ ಓಟು ಹಾಕುವ, ಊರು ನಡೆಸುವ ವಯಸ್ಸಿನಲ್ಲಿಯೂ ಅದನ್ನು ಕೇಳುತ್ತದೆ ಎಂದು ನಂಬಿಯೇ ನಾನು ಶನಿವಾರದ ಕಥೆ ಹೇಳುತ್ತಿದ್ದೇನೆ.