ದುಡ್ಡು ಕಟ್ಟಿದ್ರೆ ಮಾತ್ರ ಜಾಮೀನಾ?

ಮಳವಳ್ಳಿ ಕಡೆ ಒಂದು ಮನೆ ಅಂದ್ಕೊಳ್ಳಿ. ಸೊಸೆ ವರದಕ್ಷಿಣೆ ಕಿರುಕುಳದ ದೂರು ಕೊಟ್ಟಿದ್ದಾಳೆ. ಗಂಡನಿಗೆ ಅರೆಸ್ಟ್ ಭಯ. ಮಳವಳ್ಳಿಯಾಗಲಿ ಮದ್ದೂರಾಗಲಿ, ಜೆಎಂಎಫ್‌ಸಿ ಕೋರ್ಟಲ್ಲಿ ನಿರೀಕ್ಷಣಾ ಜಾಮೀನು ಸಿಗಲ್ಲ. ಸೆಷನ್ಸ್ ಕೋರ್ಟಿಗೋ ಹೈಕೋರ್ಟಿಗೋ ಹೋಗ್ಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಸೆಕ್ಷನ್ 482, ಅಂದ್ರೆ ಹಳೇ ಸಿಆರ್‌ಪಿಸಿಯ 438.

ಅಲ್ಲಿ ‘ಹೆಂಡತಿ ಹೆಸರಲ್ಲಿ ಇಷ್ಟು ಲಕ್ಷ ಠೇವಣಿ ಇಡು’ ಅಂದ್ರೆ? ಕಬ್ಬಿನ ಬಿಲ್ಲೇ ಕೈಗೆ ಬಂದಿರಲ್ಲ!

2009ರಲ್ಲೇ ಇಂಥದ್ದೊಂದು ಕೇಸಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಜಾಮೀನು ಬೇಕಾದ್ರೆ ತಿಂಗಳಿಗೆ 12,500 ರೂಪಾಯಿ ಜೀವನಾಂಶ ಕೊಡು ಅನ್ನೋ ಷರತ್ತನ್ನ ಸುಪ್ರೀಂ ಕೋರ್ಟ್ ತೆಗೆದುಹಾಕ್ತು. 2024ರ ಆಗಸ್ಟಲ್ಲಿ ಪಾಟ್ನಾ ಹೈಕೋರ್ಟಿಂದ ಬಂದ ಕೇಸಲ್ಲೂ ಅದೇ ಮಾತು: ಪಾಲಿಸೋಕಾಗದ ಷರತ್ತು ಹಾಕಬಾರದು. ಕರೆದಾಗ ತನಿಖೆಗೆ ಬರ್ತಾನಾ, ಸಾಕ್ಷಿಗಳನ್ನ ಹೆದರಿಸ್ತಾನಾ, ಜಾಮೀನಲ್ಲಿ ನೋಡಬೇಕಾದ್ದು ಅದನ್ನ.

ಹಾಗಂತ ಗಂಡ ಗೆದ್ದ ಅಂತಲ್ಲ. ಕೇಸು ನಡೀತದೆ. ಹೆಂಡತಿಯ ಜೀವನಾಂಶಕ್ಕೆ ಬಿಎನ್‌ಎಸ್‌ಎಸ್ ಸೆಕ್ಷನ್ 144 ಬೇರೆಯೇ ಇದೆ. ತವರಿನವರು ಹಾಕಿದ ಒಡವೆಯೂ ಅವಳದ್ದೇ.

ಅಕ್ಕ, ಲಾಯರ್ ಫೀಸಿಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗ್ತದೆ. 15100ಕ್ಕೆ ಫೋನ್ ಮಾಡಿ.